ಏಡಿ ನೀಹಾರಿಕೆ: ಯಾವ ದೂರದರ್ಶಕದ ಚಿತ್ರ ಎಂದೂ ಬರೆಯಿರಿ

ಮಾನ್ಯ ಸಂಪಾದಕರೇ,

ಸೂಪರ್ನೋವಾ ಅವಶೇಷಗಳ (ಸ್ಫೋಟಿಸಿದ ನಕ್ಷತ್ರಗಳ ಉಳಿಕೆಗಳ) ಕುರಿತ ಲೇಖನಗಳ ಜತೆ ಬರುವ ಬಣ್ಣದ ಚಿತ್ರಕ್ಕೆ ‘ಏಡಿ ನೀಹಾರಿಕೆ’ ಎಂಬ ಅಡಿಬರಹವಷ್ಟೇ ಸಾಲದು. ಯಾವ ದೂರದರ್ಶಕ, ಯಾವ ತರಂಗ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಬೇಕೆಂದು ಕೋರಿಕೆ. 2017ರಲ್ಲಿ ಬಿಡುಗಡೆಯಾದ ಪ್ರಸಿದ್ಧ ಚಿತ್ರದಲ್ಲಿ ಕೆಂಪು ಎಂದರೆ ರೇಡಿಯೊ, ಹಳದಿ ಅವಕೆಂಪು, ಹಸಿರು ಕಣ್ಣಿಗೆ ಕಾಣುವ ಬೆಳಕು, ನೀಲಿ ಅತಿನೇರಳೆ, ನೇರಳೆ ಎಕ್ಸ್-ರೇ. ಐದು ದೂರದರ್ಶಕಗಳ ದತ್ತಾಂಶವನ್ನು ಒಂದರ ಮೇಲೊಂದು ಜೋಡಿಸಿದ್ದು ಅದು. ಅಂಥ ಚಿತ್ರ ನೋಡಿ ದೂರದರ್ಶಕ ಕೊಂಡವರು, ಕಣ್ಣಿಗೆ ಬೂದು ಕಲೆ ಕಂಡಾಗ ಉಪಕರಣವೇ ಸರಿಯಿಲ್ಲ ಎಂದುಕೊಳ್ಳುತ್ತಾರೆ.

ವಾಸ್ತವದಲ್ಲಿ ಕಾಣುವುದು ಆ ಬೂದು ಕಲೆಯೇ. ವೃಷಭ ರಾಶಿಯ ದಕ್ಷಿಣ ಕೊಂಬಿನ ತುದಿಯ ನಕ್ಷತ್ರದಿಂದ ವಾಯವ್ಯಕ್ಕೆ ಒಂದು ಡಿಗ್ರಿಗಿಂತ ತುಸು ಆಚೆ ಅದಿದೆ. 1200 ಮಿ.ಮೀ. ಸಂಗಮದೂರದ 8 ಇಂಚಿನ ಕನ್ನಡಿ ದೂರದರ್ಶಕವಾದ ಡಾಬ್ಸೋನಿಯನ್‌ಗೆ 32 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕಿದರೆ ನಕ್ಷತ್ರ, ನೀಹಾರಿಕೆ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಗುರುತು ಸಿಕ್ಕ ಮೇಲೆ 12 ಮಿ.ಮೀ.ಗೆ ಬದಲಿಸಿ. ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) 8.4 ಎಂದು ಓದಿ ಸುಲಭವೆಂದು ಎಣಿಸಬೇಡಿ; ಅಷ್ಟೂ ಬೆಳಕು ಸುಮಾರು 6×4 ಆರ್ಕ್‌ಮಿನಿಟ್‌ಗಳಷ್ಟು (ಒಂದು ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಅಗಲಕ್ಕೆ ಹರಡಿದೆ. ಹಾಗಾಗಿ ಬೆಂಗಳೂರಿನ ನಡುವೆ ಅದು ಆಕಾಶದ ಬೆಳಕಲ್ಲೇ ಕರಗಿಹೋಗುತ್ತದೆ, ವರ್ಧನೆ ಏರಿಸಿದಷ್ಟೂ ಇನ್ನೂ ಮಬ್ಬಾಗುತ್ತದೆ. ಜನವರಿ ಕೊನೆಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಅದು ನಮಗೆ ಬಹುತೇಕ ನೆತ್ತಿಯ ಮೇಲೆ ಬರುತ್ತದೆ. ಡಾಬ್ಸೋನಿಯನ್ ಅನ್ನು ಅಲ್ಲಿ ತಿರುಗಿಸುವುದೇ ಕಷ್ಟ. ಎರಡು ಗಂಟೆ ಮೊದಲೇ, ಪೂರ್ವದಲ್ಲಿರುವಾಗಲೇ ಹಿಡಿಯುವುದು ಮೇಲು.

ಆಮ್ಲಜನಕ ಹೊಮ್ಮಿಸುವ ಹಸಿರು ಬೆಳಕನ್ನಷ್ಟೇ ಬಿಡುವ ಆಕ್ಸಿಜನ್-III ಫಿಲ್ಟರ್ ಕೊಳ್ಳುವ ಮುನ್ನ ಯೋಚಿಸಿ. ಹಂಸ ನಕ್ಷತ್ರಪುಂಜದ ವೇಲ್ ನೀಹಾರಿಕೆಯ (ಇದೂ ಇಂಥದೇ ಅವಶೇಷ) ಬೆಳಕು ಕೆಲವೇ ರೇಖೆಗಳಲ್ಲಿ, ಅಂದರೆ ನಿರ್ದಿಷ್ಟ ಬಣ್ಣಗಳಲ್ಲಿ ಬರುವುದರಿಂದ ಅಲ್ಲಿ ಈ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮೂರು ಡಿಗ್ರಿ ಅಗಲದ ವಸ್ತುವಾದ್ದರಿಂದ ಕಡಿಮೆ ವರ್ಧನೆ ಇರಲಿ. ಏಡಿಯದು ಬೇರೆ ಸಂಗತಿ. ಅದರ ಬೆಳಕಿನ ದೊಡ್ಡ ಪಾಲು ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳಿಂದ ಹೊಮ್ಮುವ ಸಿಂಕ್ರೊಟ್ರಾನ್ ಬೆಳಕು. ಅದು ಎಲ್ಲ ಬಣ್ಣಗಳಲ್ಲೂ ಹರಡಿರುವ ಕಾರಣ ಫಿಲ್ಟರ್ ಅದನ್ನೇ ತಡೆದುಬಿಡುತ್ತದೆ. ಏಡಿಯೊಳಗಿನ ಅನಿಲದ ಎಳೆಗಳು ಕಾಣಬೇಕಿದ್ದರೆ 12 ಇಂಚಿಗಿಂತ ದೊಡ್ಡ ಕನ್ನಡಿ, ಕತ್ತಲ ಊರು ಎರಡೂ ಬೇಕು.

ಇನ್ನೊಂದು ಅವಶೇಷ ಕ್ಯಾಸಿಯೋಪಿಯಾ-ಎ ಅಂತೂ ಆಕಾಶದ ಅತಿ ಪ್ರಬಲ ರೇಡಿಯೊ ಆಕರಗಳಲ್ಲೊಂದು, ಆದರೆ ನಡುವಿನ ದೂಳಿನಿಂದಾಗಿ ಕಣ್ಣಿನ ದೂರದರ್ಶಕಕ್ಕೆ ಬಹಳ ಮಸುಕು. ರೇಡಿಯೊದಲ್ಲೂ ಒಂದೇ ಉಪಕರಣ ಎಲ್ಲಕ್ಕೂ ಆಗದು. ಗೌರಿಬಿದನೂರಿನ 34.5 ಮೆಗಾಹರ್ಟ್ಸ್‌ನ ‘ಟಿ’ ಆಕಾರದ ಆಂಟೆನಾ ಸಾಲಿಗೆ ಸುಮಾರು ಅರ್ಧ ಡಿಗ್ರಿಗಿಂತ ಸೂಕ್ಷ್ಮ ವಿವರ ಸಿಗದು. ಏಡಿ ಅದಕ್ಕೊಂದು ಚುಕ್ಕಿ. ಪುಣೆ ಬಳಿ ಖೋಡದ್‌ನ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯ 45 ಮೀಟರ್ ಅಗಲದ 30 ತಟ್ಟೆಗಳು 25 ಕಿ.ಮೀ.ವರೆಗೆ ಹರಡಿರುವುದರಿಂದ ಸೂಕ್ಷ್ಮ ಎಳೆಗಳನ್ನು ಬಿಡಿಸಬಲ್ಲವು. ಆದರೆ ತಟ್ಟೆಗಳನ್ನು ತೀರ ಹತ್ತಿರ ಇಡಲಾಗದ ಕಾರಣ, ವೇಲ್‌ನಂಥ ಅಗಲದ ವಸ್ತುವಿನ ಒಟ್ಟು ಹೊಳಪಿನಲ್ಲಿ ಒಂದಿಷ್ಟು ಚಿತ್ರದಿಂದ ತಪ್ಪಿಹೋಗುತ್ತದೆ. ಚಿತ್ರದಲ್ಲಿ ಖಾಲಿಯಾಗಿ ಕಂಡ ಜಾಗ ನಿಜಕ್ಕೂ ಖಾಲಿಯಾಗಿರಬೇಕಿಲ್ಲ.

ಎಕ್ಸ್-ರೇ ವಾತಾವರಣವನ್ನು ದಾಟದು, ಉಪಗ್ರಹವೇ ಬೇಕು. ಇಸ್ರೊ 2024ರ ಜನವರಿ 1ರಂದು ಹಾರಿಸಿದ ಎಕ್ಸ್‌ಪೋಸ್ಯಾಟ್‌ನ ಎಕ್ಸ್‌ಸ್ಪೆಕ್ಟ್ ಉಪಕರಣ ಜನವರಿ 5ರಂದು ಮೊದಲು ನೋಡಿದ್ದು ಕ್ಯಾಸಿಯೋಪಿಯಾ-ಎಯನ್ನು. ಅದು ಕೊಟ್ಟದ್ದು ಮೆಗ್ನೀಸಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣದ ಗೆರೆಗಳಿರುವ ನಕ್ಷೆ (ಗ್ರಾಫ್), ಫೋಟೊ ಅಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ, ಅದೇ ಉಪಗ್ರಹದ ಪೋಲಿಕ್ಸ್ ಉಪಕರಣ ಕೂಡ ಏಡಿಯ ಪಲ್ಸಾರ್‌ನ (ನಡುವೆ ಉಳಿದ, ವೇಗವಾಗಿ ತಿರುಗುವ ನಕ್ಷತ್ರದ) ಮಿಡಿತವನ್ನು, ಸೆಕೆಂಡಿಗೆ ಸುಮಾರು 30 ಬಾರಿ, ನಕ್ಷೆಯಾಗಿಯೇ ದಾಖಲಿಸಿತು. ಇಂಥ ಸುದ್ದಿಯ ಪಕ್ಕ ಅಮೆರಿಕದ ಚಂದ್ರಾ ದೂರದರ್ಶಕದ ವರ್ಣಚಿತ್ರ ಹಾಕಿದರೆ ಓದುಗರು ಅದನ್ನೇ ನಮ್ಮ ಉಪಗ್ರಹ ತೆಗೆದದ್ದೆಂದು ನಂಬುತ್ತಾರೆ. ನಕ್ಷೆಯನ್ನೇ ಅಚ್ಚು ಹಾಕಿ, ಪ್ರತಿ ಗೆರೆಯ ಮೇಲೆ ಧಾತುವಿನ ಹೆಸರು ಕನ್ನಡದಲ್ಲಿರಲಿ.

ಇಂತಿ,
ಕೆಲವು ಹವ್ಯಾಸಿ ಆಕಾಶ ವೀಕ್ಷಕರು, ಬೆಂಗಳೂರು