ಪೊಲೀಸ್ ಕೆಲಸಕ್ಕೆ ಹೊರಟಿರೋ ನಮ್ಮ ಪುಟ್ಟಿಗೆ

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡೋ ಆಶೀರ್ವಾದಗಳು.

ರಿಟನ್ ಪಾಸಾಗಿ ಫಿಸಿಕಲ್ ಲಿಸ್ಟಲ್ಲಿ ನಿನ್ನ ಹೆಸರು ಬಂದಿದೆ ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಖುಷಿನೂ ಇತ್ತು ಅವನ ದನಿಲಿ, ಭಯಾನೂ ಇತ್ತು, ಕೊನೆಗೆ ಅಕ್ಕ ನೀನೇ ಒಂದ್ಸಲ ಅವಳಿಗೆ ಹೇಳು ಈ ಕೆಲ್ಸ ಎಷ್ಟು ಕಷ್ಟ ಅಂತ, ನನ್ನ ಮಾತು ಕೇಳಲ್ಲ ಅವ್ಳು ಅಂದ. ಬೇಡ ಅಂತ ಹೇಳ್ಸೋಕೇ ಕೇಳಿದ್ದು ಅಂತ ನಂಗೆ ಗೊತ್ತಾಯ್ತು ಆದ್ರೆ ನಾನು ಬೇಡ ಅಂತ ಹೇಳಲ್ಲ ಕಣವ್ವ. ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್‌ಐ, ಅಂದ್ರೆ ಅಸಿಸ್ಟೆಂಟ್ ಸಬ್‌ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದೋಳು ನಾನು, ಈ ಕೆಲ್ಸನೇ ನಂಗೆ ಅನ್ನ ಕೊಟ್ಟಿದ್ದು, ನಾಲ್ಕು ಜನದ ಮುಂದೆ ನಿಂತು ಮಾತಾಡೋ ಧೈರ್ಯ ಕೊಟ್ಟಿದ್ದು. ಕಷ್ಟ ಯಾವುದು, ಎಲ್ಲಿಂದ ಬರುತ್ತೆ, ಅದಕ್ಕೆ ಮೈನ ಹೆಂಗೆ ತಯಾರು ಮಾಡ್ಕೋಬೇಕು ಅಂತ ಮಾತ್ರ ಹೇಳ್ತೀನಿ. ಇದನ್ನ ನಂಗೆ ಯಾರೂ ಹೇಳಿರ್ಲಿಲ್ಲ.

ಫಿಸಿಕಲ್ ವಿಷಯ ಮೊದ್ಲು ಮುಗಿಸಿಬಿಡ್ತೀನಿ. ಹೆಣ್ಮಕ್ಕಳಿಗೆ 157 ಸೆಂಟಿಮೀಟರ್ ಎತ್ತರ, 45 ಕೆಜಿ ತೂಕ, 400 ಮೀಟರ್ ಓಟ 2 ನಿಮಿಷದೊಳಗೆ, ಲಾಂಗ್ ಜಂಪ್ 2.50 ಮೀಟರ್ ಇಲ್ಲಾಂದ್ರೆ ಹೈಜಂಪ್ 0.90 ಮೀಟರ್, 4 ಕೆಜಿ ಗುಂಡು 3.75 ಮೀಟರ್ ಎಸೀಬೇಕು. ನೀನು ತೋಟದಲ್ಲಿ ಬೆಳೆದೋಳು, ಕಾಫಿ ಮೂಟೆ ಎತ್ತಿದೋಳು, ನಿಂಗಿದು ಆಗದೇ ಇರೋದಲ್ಲ. ಆದ್ರೆ ಬರೀ ಓಟ ಪ್ರಾಕ್ಟೀಸ್ ಮಾಡ್ಕೊಂಡು ಗುಂಡನ್ನ ಕೈಲಿ ಮುಟ್ಟದೇ ಗ್ರೌಂಡಿಗೆ ಬಂದು ಅಲ್ಲಿ ಅಳ್ತಾ ನಿಂತ್ಕೊಳ್ಳೋ ಹುಡ್ಗೀರನ್ನ ನೋಡಿದ್ದೀನಿ, ಹಂಗಾಗ್ಬೇಡ. ತೂಕ ನೋಡ್ತಾರೆ ಅಂತ ಹಿಂದಿನ ದಿನ ಕೊಡಗಟ್ಟಲೆ ನೀರು ಕುಡಿಯೋದು, ಕೆಜಿಗಟ್ಟಲೆ ಬಾಳೆಹಣ್ಣು ತಿನ್ನೋದು, ಅದೆಲ್ಲ ಮಾಡಿದ್ರೆ ಓಡುವಾಗ ಹೊಟ್ಟೆ ಹಿಡ್ಕೊಳ್ಳುತ್ತೆ. ಅದಕ್ಕಿಂತ ಮುಂಚೆ ರಕ್ತ ಟೆಸ್ಟ್ ಮಾಡ್ಸು, ಹಿಮೋಗ್ಲೋಬಿನ್ ಎಷ್ಟಿದೆ ನೋಡ್ಕೋ. ಕಮ್ಮಿ ಇದ್ರೆ ಎಷ್ಟು ಓಡಿದ್ರೂ ಏದುಸಿರು ಹೋಗಲ್ಲ.

ಓಟಕ್ಕೆ ತಯಾರಾಗೋರು ಎಲ್ರೂ ಪೊಲೀಸ್ ಕೆಲ್ಸ ಅಂದ್ರೆ ಕಳ್ಳನ ಹಿಂದೆ ಓಡೋದು ಅನ್ಕೊಂಡಿರ್ತಾರೆ, ನನ್ನ ಸರ್ವಿಸಲ್ಲಿ ಹಂಗೆ ಓಡಿದ್ದು ಬೆರಳೆಣಿಕೆ. ನಿಂತಿದ್ದೇ ಜಾಸ್ತಿ. ಬಂದೋಬಸ್ತ್ ಅಂತ ನಿಂತಿದ್ದು, ಸೆಂಟ್ರಿ ಅಂತ ನಿಂತಿದ್ದು, ಕೋರ್ಟಲ್ಲಿ ನಿಂತಿದ್ದು, ಆಸ್ಪತ್ರೆ ಕಾರಿಡಾರಲ್ಲಿ ಮೆಡಿಕಲ್ ರಿಪೋರ್ಟಿಗೆ ಕಾಯ್ತಾ ನಿಂತಿದ್ದು. ನಿಮ್ಮ ಹಾಸನದಲ್ಲೇ ನೋಡು, ಆಶ್ವಯುಜದಲ್ಲಿ ಹಾಸನಾಂಬೆ ಗುಡಿ ಬಾಗಿಲು ತೆಗೆದ್ರೆ ಬಲಿಪಾಡ್ಯಮಿ ಕಳೆದು ಮುಚ್ಚೋ ತನಕ ಹಗಲು ರಾತ್ರಿ ಅಂತಿಲ್ಲ ಸಾಲು ನಡೀತಾನೇ ಇರುತ್ತೆ, ಲಕ್ಷಗಟ್ಟಲೆ ಜನ, ಅದ್ರಲ್ಲಿ ಹೆಣ್ಮಕ್ಕಳೇ ಹೆಚ್ಚು, ಹಂಗಾಗಿ ಬ್ಯಾರಿಕೇಡ್ ಪಕ್ಕ ಲೇಡಿ ಪೊಲೀಸ್ ಇರ್ಲೇಬೇಕು. ಮುಂದೆ ಹೋಗಿ ಅಮ್ಮ, ಮುಂದೆ ಹೋಗಿ ಅಂತ ಹೇಳಿ ಹೇಳಿ ಎರಡನೇ ದಿನಕ್ಕೆ ಗಂಟಲು ಹೋಗುತ್ತೆ, ಮೂರನೇ ದಿನಕ್ಕೆ ಮೀನಖಂಡ ಕಲ್ಲಾಗುತ್ತೆ. ನಮ್ಮ ಚಿಕ್ಕಮಗಳೂರಲ್ಲಿ ಡಿಸೆಂಬರ್ ಬಂದ್ರೆ ದತ್ತಜಯಂತಿ. ಮೊದಲ್ನೇ ದಿನ ಹೆಣ್ಮಕ್ಕಳ ಸಂಕೀರ್ತನಾ ಯಾತ್ರೆ, ಅದ್ರ ಜೊತೆ ನಾವು ನಡೀಬೇಕು, ಮಾರನೇ ದಿನ ಶೋಭಾಯಾತ್ರೆ, ಆಮೇಲೆ ಬೆಟ್ಟದ ಮೇಲೆ ಪಾಯಿಂಟ್, ಅಂದ್ರೆ ನಿಂತು ಕಾಯೋ ಜಾಗ, ಹಾಕಿದ್ರೆ ಬಾಬಾಬುಡನ್‌ಗಿರಿ ಗಾಳಿ ಸ್ವೆಟರ್ ದಾಟಿ ಮೂಳೆಗೇ ಬರುತ್ತೆ. ಬೇರೆ ಜಿಲ್ಲೆಯಿಂದ ಬಂದ ಹುಡ್ಗೀರು ಕಲ್ಯಾಣಮಂಟಪದಲ್ಲೋ ಸ್ಕೂಲಲ್ಲೋ ನೆಲದ ಮೇಲೆ ಮಲಗಿ ಬೆಳಗ್ಗೆ ನಾಲ್ಕಕ್ಕೆ ಎದ್ದು ರೋಲ್‌ಕಾಲಿಗೆ ನಿಲ್ತಾರೆ.

ನಿಂತಲ್ಲೇ ನಿಂತ್ರೆ ಏನಾಗುತ್ತೆ ಅಂದ್ರೆ ಕಾಲಿಗಿಳಿದ ರಕ್ತ ಮೇಲೆ ಹತ್ತೋಕೆ ಮೀನಖಂಡದ ಸ್ನಾಯು ಅದನ್ನ ಹಿಂಡಿ ತಳ್ಳಬೇಕು, ನಡೆದ್ರೆ ಮಾತ್ರ ಹಿಂಡುತ್ತೆ, ಅಲ್ಲಾಡದೇ ನಿಂತ್ರೆ ಇಲ್ಲ. ರಕ್ತ ಅಲ್ಲೇ ನಿಂತು ನರ ಉಬ್ಬುತ್ತೆ, ವೆರಿಕೋಸ್ ವೇನ್ಸ್ ಅಂತಾರಲ್ಲ ಅದು. ನನ್ನ ಕಾಲು ನೋಡಿದ್ದೀಯ ನೀನು, ಚಿಕ್ಕೋಳಿದ್ದಾಗ ಅತ್ತೆ ಕಾಲಲ್ಲಿ ಹಾವು ಅಂತಿದ್ದೆ. ಪಾಯಿಂಟಲ್ಲಿ ನಿಂತಾಗ ಯಾರಿಗೂ ಕಾಣದ ಹಂಗೆ ಬೂಟೊಳಗೇ ಬೆರಳು ಮಡಚಿ ಬಿಡು, ಆಗಾಗ ಹಿಮ್ಮಡಿ ಎತ್ತಿ ಇಳ್ಸು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯ್ಸು, ಸಾಹೇಬ್ರು ಬೈದ್ರೆ ಬೈಸ್ಕೋ ಪರವಾಗಿಲ್ಲ. ಮನೆಗೆ ಬಂದ್ಮೇಲೆ ಕಾಲು ಗೋಡೆಗೆ ಎತ್ತಿಟ್ಟು ಸ್ವಲ್ಪ ಹೊತ್ತು ಮಲಗು. ಬೂಟ್ ತಗೊಳ್ಳೋದಾದ್ರೆ ಸಂಜೆ ಹೊತ್ತು ಹಾಕಿ ನೋಡಿ ತಗೋ, ಬೆಳಗ್ಗೆ ಸರಿಯಾಗಿ ಕೂತಿದ್ದು ಸಂಜೆ ಕಾಲು ಊದ್ಕೊಂಡಾಗ ಕಚ್ಚುತ್ತೆ.

ಮಳೆಗಾಲ ಬೇರೆ. ಶಿರಾಡಿ ಘಾಟಿ ಕಡೆ ಪೋಸ್ಟಿಂಗ್ ಆಗ್ಲಿ ಚಾರ್ಮಾಡಿ ಕಡೆ ಆಗ್ಲಿ, ಜೂನ್ ಜುಲೈಲಿ ರಸ್ತೆನೇ ನಿನ್ನ ಸ್ಟೇಷನ್. 2024ರ ಜುಲೈಲಿ ದೊಡ್ಡತಪ್ಪಲು ಹತ್ರ ಹೈವೇ ಮೇಲೆ ಗುಡ್ಡ ಕುಸಿದಾಗ ನಿನಗೇ ನೆನಪಿರುತ್ತೆ, ನಿಮ್ಮನೆಯಿಂದ ದೂರ ಇಲ್ವಲ್ಲ, ಮಣ್ಣು ತೆಗೆಯೋರು ಒಂದ್ಕಡೆ, ಲಾರಿಯೋರ, ಕಾರಿನೋರ ಕೈಲಿ ಬೈಸ್ಕೊಂಡು ಗಾಡಿ ತಿರುಗಿಸ್ತಾ ನಿಂತ ಪೊಲೀಸರು ಒಂದ್ಕಡೆ. ರೇನ್‌ಕೋಟ್ ಹಾಕಿದ್ರೆ ಹೊರಗಿನ ಮಳೆ ತಡೆಯುತ್ತೆ ಆದ್ರೆ ಒಳಗೆ ಬೆವರಲ್ಲೇ ಒದ್ದೆ. ಬೂಟೊಳಗೆ ನೀರು, ಬೆರಳ ಸಂದೀಲಿ ಕೆಸರುಹುಣ್ಣು, ಅದ್ರ ಮೇಲೆ ರಕ್ತ ಹೀರೋ ಉಂಬಳ. ಎರಡು ಜೊತೆ ಸಾಕ್ಸ್ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬ್ಯಾಗಲ್ಲಿ ಇಟ್ಕೊಂಡಿರು, ಸಿಕ್ಕಿದ ಐದು ನಿಮಿಷದಲ್ಲಿ ಕಾಲು ಒರೆಸಿ ಬದಲಾಯ್ಸು.

ಈಗ ಹೆಣ್ಮಕ್ಕಳ ವಿಷಯ, ಇದನ್ನ ನಿಮ್ಮಪ್ಪನ ಮುಂದೆ ಓದ್ಬೇಡ ಅಂತ ಹೇಳಲ್ಲ, ಓದು, ಅವನಿಗೂ ಗೊತ್ತಾಗ್ಲಿ. ಬಂದೋಬಸ್ತಲ್ಲಿ ಟಾಯ್ಲೆಟ್ ಇರಲ್ಲ. ಇದ್ರೂ ದೂರ, ಇಲ್ಲಾ ಬೀಗ, ಇಲ್ಲಾ ಒಳಗೆ ಹೋಗೋ ಹಂಗಿರಲ್ಲ. ಅದಕ್ಕೆ ನಮ್ಮ ಹುಡ್ಗೀರು ಏನ್ಮಾಡ್ತಾರೆ, ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಬಿಸ್ಲಲ್ಲಿ ನಿಂತ್ಕೊಂಡು ನೀರು ಕುಡೀದೇ ಇದ್ದು ಉರಿಮೂತ್ರ ಬಂದು, ಅದನ್ನೂ ಹೇಳ್ಕೊಳ್ಳದೇ ಜ್ವರ ಬರೋ ತನಕ ಬಿಟ್ಟು ಕಿಡ್ನಿವರೆಗೂ ಇನ್ಫೆಕ್ಷನ್ ಹೋಗಿ ಅಡ್ಮಿಟ್ ಆದೋಳು ನನ್ನ ಜೊತೆಗೇ ಇದ್ಲು. ನೀರು ಬಿಡ್ಬೇಡ ಪುಟ್ಟಿ, ಏನಾದ್ರೂ ಆಗ್ಲಿ ನೀರು ಬಿಡ್ಬೇಡ. ಬ್ರೀಫಿಂಗ್ ಮಾಡುವಾಗ್ಲೇ ಕೈ ಎತ್ತಿ ಕೇಳು, ಸರ್ ಲೇಡಿ ಸ್ಟಾಫಿಗೆ ಟಾಯ್ಲೆಟ್ ಎಲ್ಲಿ, ನಮ್ಮ ಜಾಗಕ್ಕೆ ಬಂದು ಬಿಡಿಸೋ ರಿಲೀವರ್ ಯಾರು ಅಂತ. ಒಬ್ಳು ಕೇಳಿದ್ರೆ ಹಿಂದೆ ನಿಂತಿರೋ ಹತ್ತು ಜನಕ್ಕೂ ಅನುಕೂಲ, ಅವ್ರಿಗೂ ಕೇಳ್ಬೇಕು ಅಂತಲೇ ಇರುತ್ತೆ ಬಾಯಿ ಬರಲ್ಲ ಅಷ್ಟೇ. ಪಾಯಿಂಟ್ ಪಕ್ಕದ ಮನೆಯೋರ ಹತ್ರ ಕೇಳೋಕೂ ನಾಚ್ಕೋಬೇಡ, ನಮ್ಮ ಕಡೆ ಜನ ಪೊಲೀಸಮ್ಮ ಬಂದ್ಲು ಅಂತ ಕಾಫಿನೂ ಕೊಟ್ಟು ಕಳಿಸ್ತಾರೆ. ಸರ್ಕಾರ 2025ರಲ್ಲಿ ತಿಂಗಳಿಗೊಂದು ದಿನ ಮುಟ್ಟಿನ ರಜೆ ಅಂತ ತಂದಿದೆ, ಹೆರಿಗೆ ರಜೆ 180 ದಿನ ಇದೆ, ಮಕ್ಕಳನ್ನ ನೋಡ್ಕೊಳ್ಳೋ ರಜೆನೂ ಬಂದಿದೆ. ಇದೆಲ್ಲ ಯಾರೋ ದಯೆ ತೋರಿಸಿ ಕೊಡೋದಲ್ಲ. ಕೇಳೋದನ್ನ ಕಲಿ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳಲ್ಲ, ಸ್ಟೇಷನಲ್ಲಿ ಲೇಡಿ ಸ್ಟಾಫ್ ಕಮ್ಮಿ ಇರ್ತಾರೆ ಆದ್ರೆ ಕಾನೂನು ಎಷ್ಟೋ ಕೆಲ್ಸಕ್ಕೆ ಹೆಣ್ಣು ಪೊಲೀಸೇ ಬೇಕು ಅನ್ನುತ್ತೆ, ಹೆಂಗಸಿನ ಮೈ ತಪಾಸಣೆಗೆ, ಹೆಂಗಸನ್ನ ಅರೆಸ್ಟ್ ಮಾಡೋಕೆ, ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸಲ್ಲಿ ಮಗು ಹೇಳಿಕೆ ತಗೊಳ್ಳೋಕೂ ಆದಷ್ಟು ಹೆಣ್ಣು ಅಧಿಕಾರಿನೇ ಇರ್ಲಿ ಅನ್ನುತ್ತೆ, ಆ ಮಗುನ ಮೆಡಿಕಲ್‌ಗೆ ಕರ್ಕೊಂಡು ಹೋಗೋಕೂ ನಮ್ಮನ್ನೇ ಕರೀತಾರೆ. ಕಾನೂನು ಸರಿಯಾಗೇ ಹೇಳುತ್ತೆ, ಹಂಗೇ ಇರ್ಬೇಕು. ಆದ್ರೆ ನಾಲ್ಕು ಜನ ಇರೋ ಕಡೆ ಇಬ್ರು ಲೀವು ಅಂದ್ರೆ ಉಳಿದ ಇಬ್ಬರಿಗೆ ನೈಟ್ ಮುಗ್ಸಿ ಮಲಗಿದ ಎರಡೇ ಗಂಟೆಗೆ ಫೋನ್ ಬರುತ್ತೆ. 2019ರಲ್ಲಿ ಕಾಮನ್ ಕಾಸ್ ಸಂಸ್ಥೆ, ಲೋಕನೀತಿ-ಸಿಎಸ್‌ಡಿಎಸ್ ಅನ್ನೋ ಸಂಶೋಧನಾ ಸಂಸ್ಥೆ ಸೇರಿ ದೇಶದ ಪೊಲೀಸರನ್ನ ಮಾತಾಡಿಸಿ ವರದಿ ಮಾಡಿದ್ರು, ಸರಾಸರಿ ದಿನಕ್ಕೆ 14 ಗಂಟೆ ಕೆಲ್ಸ, ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆನೇ ಇಲ್ಲ ಅಂತ. ಪೇಪರಲ್ಲಿ ಓದಿ ನಮ್ಮ ಸ್ಟೇಷನಲ್ಲಿ ಯಾರೂ ಆಶ್ಚರ್ಯಪಡ್ಲಿಲ್ಲ.

ಸಂಘ ಕಟ್ಟಿ ಸ್ಟ್ರೈಕ್ ಮಾಡೋ ಹಾಗೂ ಇಲ್ಲ ನಮಗೆ, 1966ರ ಕಾಯ್ದೆನೇ ಇದೆ ಅದಕ್ಕೆ. 2016ರ ಜೂನ್ 4ಕ್ಕೆ ಎಲ್ರೂ ಒಟ್ಟಿಗೆ ರಜೆ ಹಾಕ್ತೀವಿ ಅಂತ ರಾಜ್ಯದ ತುಂಬ ಎದ್ದಿತ್ತು, ಸಂಬಳ, ರಜೆ, ಡ್ಯೂಟಿ ಟೈಮ್ ಅಂತ ಎಷ್ಟೋ ವರ್ಷದ ಸಂಕಟ ಅದು, ಆಮೇಲೆ ಪೊಲೀಸರ ಸಂಬಳದ ವಿಷಯ ನೋಡಿದ ಔರಾದ್ಕರ್ ಸಮಿತಿ ವರದಿ ಬಂತು, ಸಂಬಳ ಸ್ವಲ್ಪ ಸುಧಾರಿಸ್ತು. ಗಂಟೆ ಲೆಕ್ಕ ಹಂಗೇ ಇದೆ. ಹಾಗಾಗಿ ನಿನ್ನ ಮೈ ಕಾಯೋ ಕೆಲ್ಸ ಸದ್ಯಕ್ಕೆ ನಿನ್ನದೇ. ವಾರದ ರಜೆ ಸಿಕ್ಕಿದ ದಿನ ಬಟ್ಟೆ ಒಗೆಯೋದು, ನೆಂಟರ ಮನೆ, ಮದುವೆ ಅಂತ ಅದನ್ನೂ ಸುಟ್ಟುಹಾಕ್ಬೇಡ, ಮೊದ್ಲು ಮಲಗು. ನೈಟ್ ಮುಗಿಸಿ ಕಣ್ಣು ಎಳೀತಿರುವಾಗ ಸ್ಕೂಟಿ ಹತ್ಬೇಡ, ಸ್ಟೇಷನ್ ರೆಸ್ಟ್‌ರೂಮಲ್ಲೇ ಅರ್ಧ ಗಂಟೆ ಒರಗಿ ಆಮೇಲೆ ಹೊರಡು. ಮನೆಯೋರು ತಿಂಡಿ ಮಾಡಿಟ್ಟು ಕಾಯ್ತಿದ್ದಾಗ ದಾರಿಲೇ ಆಕ್ಸಿಡೆಂಟಾಗಿ ಜೀವ ಬಿಟ್ಟೋರು ನಮ್ಮಲ್ಲಿ ಇದ್ದಾರೆ ಕಣೆ, ಅದನ್ನ ಬರೆಯೋಕೂ ಕೈ ಬರಲ್ಲ.

ಊಟದ್ದು ಬೇಗ ಹೇಳ್ತೀನಿ. ಪ್ಯಾಕೆಟ್ ಬರುತ್ತೆ, ಎಷ್ಟು ಹೊತ್ತಿಗೆ ಅಂತ ದೇವ್ರಿಗೇ ಗೊತ್ತು, ಪಲಾವೋ ಚಿತ್ರಾನ್ನವೋ ಬಿಸಿಲಿಗೆ ಹಳಸಿರುತ್ತೆ, ಮೂಸಿ ನೋಡಿ ತಿನ್ನು. ಹುರಿದ ಕಡ್ಲೆಬೀಜ, ಬಾಳೆಹಣ್ಣು, ಒಂದೆರಡು ಓಆರ್‌ಎಸ್ ಪಾಕೆಟ್ ಯಾವಾಗ್ಲೂ ಬ್ಯಾಗಲ್ಲಿರ್ಲಿ. ಬರೀ ಟೀ ಕುಡ್ಕೊಂಡು ದಿನ ದೂಡಿದ್ರೆ ಗ್ಯಾಸ್ಟ್ರಿಕ್ ಗ್ಯಾರಂಟಿ, ಆಮೇಲೆ ಬಿಪಿ, ಶುಗರ್ ಹಿಂದೇನೇ ಬರುತ್ತೆ. ಆರೋಗ್ಯ ಭಾಗ್ಯ ಇದೆ ನಮ್ಮ ಇಲಾಖೆಲಿ, ಆ ಯೋಜನೆಗೆ ಸೇರಿರೋ ಆಸ್ಪತ್ರೆಲಿ ಚಿಕಿತ್ಸೆಗೆ ಕೈಯಿಂದ ದುಡ್ಡು ಕಟ್ಬೇಕಾಗಿಲ್ಲ, ಸೇರಿದ ತಕ್ಷಣ ಕಾರ್ಡ್ ಮಾಡ್ಸು, ಅಪ್ಪ ಅಮ್ಮನ ಹೆಸರು ಸೇರ್ಸೋಕೆ ಆಗುತ್ತಾ ಅಂತ ಕಚೇರಿಲಿ ವಿಚಾರಿಸು.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ ನಿನ್ನ ಮೈ ಒಂದಕ್ಕೇ ಅಲ್ಲ. ಪೊಲೀಸ್ ಸುಸ್ತಾದ್ರೆ ಮೊದ್ಲು ಹೋಗೋದು ತಾಳ್ಮೆ. ರಾತ್ರಿ ಎರಡು ಗಂಟೆಗೆ ಗಂಡನ ಕೈಲಿ ಹೊಡೆಸ್ಕೊಂಡು ಮಗು ಎತ್ಕೊಂಡು ಬಂದ ಹೆಂಗಸು ಕೌಂಟರ್ ಮುಂದೆ ನಿಂತಿರ್ತಾಳೆ, ಅವಳಿಗೆ ಮಾತು ನೆಟ್ಟಗೆ ಬರಲ್ಲ, ಹೇಳಿದ್ದೇ ಹೇಳ್ತಾಳೆ, ನಿಂಗೆ ಹಿಂದಿನ ರಾತ್ರಿನೂ ನಿದ್ದೆ ಇಲ್ಲ. ಆಗ ನಿನ್ನ ಬಾಯಿಂದ ಒಂದು ಗದರಿಕೆ ಬಂದ್ರೆ ಆ ಹೆಂಗಸು ವಾಪಸ್ ಹೋಗ್ತಾಳೆ, ಅದೇ ಮನೆಗೆ. ಹಂಗೆ ವಾಪಸ್ ಹೋದೋರ ಹೆಣದ ಪಂಚನಾಮೆಗೆ ನಿಲ್ಲೋದೂ ನಾವೇ. ಮದುವೆಯಾಗಿ ಏಳು ವರ್ಷದೊಳಗಿನ ಸಾವು ಅಂದ್ರೆ ತಹಶೀಲ್ದಾರ್ ಬರೋ ತನಕ ಹೆಣದ ಪಕ್ಕ ಕಾಯ್ಬೇಕು, ತಾಯಿ ಅಳ್ತಿರ್ತಾಳೆ, ನೀನು ಅಳೋ ಹಂಗಿಲ್ಲ. ಆನೆ ತುಳಿದು ಸತ್ತೋರ ಹೆಣ ಇಟ್ಕೊಂಡು ಊರೋರು ರಸ್ತೆಲಿ ಕೂತಾಗ ಅರಣ್ಯ ಇಲಾಖೆ ಮೇಲಿನ ಸಿಟ್ಟೂ ನಿನ್ನ ಮೇಲೇ ಬೀಳುತ್ತೆ, ಅದನ್ನೂ ಸುಮ್ನೆ ನಿಂತು ಕೇಳ್ಬೇಕು. ಅವ್ರ ಸಿಟ್ಟು ಸುಳ್ಳಲ್ಲ, ನೀನು ಅದೇ ಊರಿನ ಮಗಳು, ನಿಂಗೆ ಗೊತ್ತು. ಮೈ ಗಟ್ಟಿ ಇದ್ರೆ ಇದನ್ನೆಲ್ಲ ಕೇಳಿಸ್ಕೊಳ್ಳೋ ಶಕ್ತಿ ಇರುತ್ತೆ. ಮೈ ಸೋತಿದ್ರೆ ಲಾಠಿ ಬೇಗ ಕೈಗೆ ಬರುತ್ತೆ.

ಅಂಥ ದಿನ ಮನೆಗೆ ಬಂದು ಏನೂ ಆಗಿಲ್ಲ ಅನ್ನೋ ಹಂಗೆ ಮಲಗ್ಬೇಡ, ಒಳಗಿಟ್ಕೊಂಡ್ರೆ ನಿದ್ದೆಲಿ ಬರುತ್ತೆ. ನಂಗೆ ಫೋನ್ ಮಾಡು, ಎಷ್ಟೊತ್ತಾದ್ರೂ ಎತ್ತೀನಿ, ರಾತ್ರಿ ಎದ್ದಿರೋ ಅಭ್ಯಾಸ ನಂಗಿನ್ನೂ ಹೋಗಿಲ್ಲ. ಫಿಸಿಕಲ್ ಕಾಲ್ ಲೆಟರ್ ಬಂದ ತಕ್ಷಣ ಡೇಟ್ ಹೇಳು, ಹಿಂದಿನ ದಿನ ನಾನೇ ಹಾಸನಕ್ಕೆ ಬರ್ತೀನಿ, ಪಿಜಿ ಊಟ ಬೇಡ, ಮುದ್ದೆ ಸೊಪ್ಪಿನ ಸಾರು ಮಾಡ್ಕೊಂಡೇ ಬರ್ತೀನಿ. ಹೊಸ ಶೂ ಹಾಕ್ಕೊಂಡು ಓಡ್ಬೇಡ, ಪ್ರಾಕ್ಟೀಸ್ ಮಾಡಿದ್ದೇ ಹಾಕು. ರಕ್ತ ಟೆಸ್ಟ್ ರಿಪೋರ್ಟ್ ವಾಟ್ಸಾಪಲ್ಲಿ ಕಳ್ಸು, ಈ ವಾರದೊಳಗೆ. ನಿಮ್ಮಪ್ಪಂಗೆ ನಾನು ಮಾತಾಡ್ತೀನಿ.

ಇಂತಿ,
ನಿನ್ನ ಅತ್ತೆ
ಚಿಕ್ಕಮಗಳೂರು