ಮುಖ ಗುರುತಿಸುವ ಬೆಳಕು ಟ್ಯಾಂಕಿನ ಬಾಯಿಗೂ ಬರಲಿ

ಮಾನ್ಯ ಸಂಪಾದಕರೇ,

ಮುಂಬೈ ಮತ್ತು ಸುತ್ತಲಿನ ಊರುಗಳ ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಈಗ ಮುಖ ಗುರುತಿಸುವ ಯಂತ್ರಗಳು ಬರುತ್ತಿವೆ. ಮನೆಗೆಲಸದವರು, ಪ್ಲಂಬರ್, ಪೇಂಟರ್ ಎಲ್ಲರೂ ಅದರ ಮುಂದೆ ನಿಂತು ಗುರುತು ಕೊಟ್ಟೇ ಒಳಗೆ ಹೋಗಬೇಕು. ಅದೇ ಸೊಸೈಟಿಯ ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆಯುವ ದಿನ, ಒಳಗಿರುವ ಗಾಳಿ ಎಂಥದ್ದು ಎಂದು ನೋಡುವ ಯಂತ್ರ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಎರಡಕ್ಕೂ ಬೇಕಾದ ವಿದ್ಯೆ ಹತ್ತಿರದ್ದೇ. ಬೆಳಕನ್ನು ಹಾಯಿಸಿ, ಮರಳಿ ಬಂದದ್ದರಲ್ಲಿ ಏನು ಕಡಿಮೆಯಾಗಿದೆ ಎಂದು ಓದುವ ವಿದ್ಯೆ. ಒಂದಕ್ಕೆ ಸಾಮಾನ್ಯ ಸಭೆಯಲ್ಲಿ ಕೈಯೆತ್ತಿ ಒಪ್ಪಿಗೆ ಕೊಡುತ್ತೇವೆ. ಇನ್ನೊಂದರ ಮಾತೇ ಬರುವುದಿಲ್ಲ.

ನಾನು ಠಾಣೆ-ಬೇಲಾಪುರ ಪಟ್ಟಿಯ ರಾಸಾಯನಿಕ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಗ್ಯಾಸ್ ಡಿಟೆಕ್ಟರುಗಳನ್ನು ಬಿಚ್ಚಿ, ಒರೆಸಿ, ಕ್ಯಾಲಿಬ್ರೇಟ್ ಮಾಡಿ (ಅಳತೆ ಸರಿಹೊಂದಿಸಿ) ಮತ್ತೆ ಕೂರಿಸುವುದೇ ನನ್ನ ಉದ್ಯೋಗವಾಗಿತ್ತು. ಅಲ್ಲಿ ಪರವಾನಗಿ ಚೀಟಿಯ ಮೇಲೆ ಗಾಳಿಯ ರೀಡಿಂಗ್ ಬರೆದು ಸಹಿ ಬೀಳುವವರೆಗೆ ಯಾರೊಬ್ಬರೂ ಟ್ಯಾಂಕಿಗೆ ಕಾಲಿಡುತ್ತಿರಲಿಲ್ಲ, ಮ್ಯಾನೇಜರ್ ಬಂದು ಅವಸರ ಮಾಡಿದರೂ. ಆ ಶಿಸ್ತಿನಲ್ಲಿ ಬೆಳೆದವನಿಗೆ ಸೊಸೈಟಿಯ ಹಿತ್ತಲಲ್ಲಿ ನಡೆಯುವುದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ.

ಪ್ರತಿಯೊಂದು ಅನಿಲಕ್ಕೂ ತನ್ನದೇ ಆದ ಹಸಿವಿದೆ. ಟ್ಯಾಂಕಿನ ಕೊಳೆಯಿಂದ ಹುಟ್ಟುವ ಮೀಥೇನ್ ಸುಮಾರು 3.3 ಮೈಕ್ರೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಹೀರಿಕೊಳ್ಳುತ್ತದೆ, ಕಾರ್ಬನ್ ಡೈಆಕ್ಸೈಡ್ 4.26ರ ಆಸುಪಾಸಿನದನ್ನು. ಚಿಕ್ಕ ಕೊಳವೆಯ ಒಂದು ತುದಿಯಲ್ಲಿ ದೀಪ, ಮತ್ತೊಂದು ತುದಿಯಲ್ಲಿ ಫಿಲ್ಟರ್ ಮತ್ತು ಸೆನ್ಸರ್ ಇಟ್ಟರೆ ಸಾಕು. ನಡುವೆ ಮೀಥೇನ್ ಸೇರಿದಷ್ಟೂ ಆ ಕಿರಣ ಕ್ಷೀಣಿಸುತ್ತದೆ, ಆ ಲೆಕ್ಕ ಪರದೆಯ ಮೇಲೆ ಬರುತ್ತದೆ. ಅನಿಲಗಳು ಶಾಖದ ಕಿರಣಗಳನ್ನು ಹೀಗೆ ತಡೆಯುತ್ತವೆ ಎಂಬುದನ್ನು ವಿಜ್ಞಾನಿ ಜಾನ್ ಟಿಂಡಾಲ್ 1859ರಲ್ಲೇ ಲಂಡನ್ನಿನಲ್ಲಿ ಅಳೆದು ತೋರಿಸಿದ್ದರು. 1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್, ಬಿಸಿಲನ್ನು ತುಂಡು ತುಂಡಾಗಿ ಕಡಿದು ವಸ್ತುವಿನ ಮೇಲೆ ಬಿಟ್ಟರೆ ಅದು ಸದ್ದು ಹೊರಡಿಸುತ್ತದೆ ಎಂಬುದನ್ನು ಕಂಡರು. ಅದೇ ತತ್ತ್ವದಿಂದ ಇಂದು ಅನಿಲದ ಸದ್ದನ್ನು ಮೈಕ್ರೊಫೋನಿನಿಂದ ಕೇಳಿ ಅದರ ಪ್ರಮಾಣ ಹೇಳುವ ಪುಟ್ಟ ಸೆನ್ಸರುಗಳಿವೆ. ಆಮ್ಲಜನಕವನ್ನು 760 ನ್ಯಾನೊಮೀಟರಿನ ಲೇಸರ್‌ನಿಂದ ಅಳೆಯುವ ಉಪಕರಣಗಳೂ ಕಾರ್ಖಾನೆಗಳಲ್ಲಿವೆ.

ಹಳೆಯ ಬಗೆಯ ಸೆನ್ಸರ್ ಮೀಥೇನನ್ನು ಬಿಸಿ ಮಣಿಯ ಮೇಲೆ ಉರಿಸಿ ಅಳೆಯುತ್ತದೆ. ಉರಿಯಲು ಆಮ್ಲಜನಕ ಬೇಕು. ಆಮ್ಲಜನಕವೇ ಕಡಿಮೆ ಇರುವ ಟ್ಯಾಂಕಿನಲ್ಲಿ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸಿಲಿಕೋನ್ ಅಥವಾ ಕೊಳೆಯಿಂದಲೇ ಹುಟ್ಟುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ತಾಗಿದರೆ ಆ ಮಣಿ ಸತ್ತುಹೋಗುತ್ತದೆ, ಸತ್ತ ಸುದ್ದಿಯನ್ನು ಹೇಳುವುದೂ ಇಲ್ಲ. ಬೆಳಕಿನ ಸೆನ್ಸರಿಗೆ ಈ ಎರಡು ದೋಷಗಳೂ ಇಲ್ಲ. ಹಾಗೆಂದು ಎಲ್ಲವೂ ಬೆಳಕಿನಿಂದಲೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮೀಥೇನ್, ಆಮ್ಲಜನಕ ಸೇರಿ ನಾಲ್ಕು ಅನಿಲಗಳನ್ನು ಅಳೆಯುವ ಕೈಮೀಟರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಕಾರ್ಬನ್ ಮೊನಾಕ್ಸೈಡನ್ನು ಸಾಮಾನ್ಯವಾಗಿ ರಾಸಾಯನಿಕ ಸೆಲ್ಲುಗಳೇ ಅಳೆಯುತ್ತವೆ. ಅದನ್ನು ಕೊಳ್ಳುವವರು ಮೀಥೇನ್ ಸೆನ್ಸರ್ ಅವಗೆಂಪಿನದೇ ಎಂದು ಕೇಳಿ ಖಚಿತಪಡಿಸಿಕೊಂಡು ಕೊಳ್ಳಬೇಕು.

ಮನುಷ್ಯನನ್ನು ಗುರುತಿಸುವುದರಲ್ಲೂ ಬೆಳಕಿನದೇ ಕೈಚಳಕ. ಬೆರಳಚ್ಚಿನ ಗಾಜಿನೊಳಗೆ ಬೆಳಕು ಪೂರ್ತಿ ಪ್ರತಿಫಲಿಸುತ್ತಿರುತ್ತದೆ. ಬೆರಳಿನ ಏಣು ತಾಗಿದ ಕಡೆ ಮಾತ್ರ ಅದು ಮುರಿದು ಕಪ್ಪು ಗೆರೆ ಮೂಡುತ್ತದೆ. ಕಣ್ಣಿನ ಐರಿಸ್‌ನ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಉಂಗುರದ, ಚಿತ್ರ ತೆಗೆಯಲು 700ರಿಂದ 900 ನ್ಯಾನೊಮೀಟರಿನ ಅವಗೆಂಪು ಬೆಳಕು ಬಿಡುತ್ತಾರೆ, ಏಕೆಂದರೆ ನಮ್ಮಂಥವರ ಕಂದು ಕಣ್ಣಿನ ನೇಯ್ಗೆ ಮಾಮೂಲಿ ಬೆಳಕಿನಲ್ಲಿ ಕಾಣದು, ಅದರಲ್ಲಿ ಎದ್ದು ಕಾಣುತ್ತದೆ. ಕೇಂಬ್ರಿಜ್‌ನ ಜಾನ್ ಡಾಗ್‌ಮನ್ ಈ ಗುರುತಿಸುವ ವಿಧಾನಕ್ಕೆ 1994ರಲ್ಲಿ ಪೇಟೆಂಟ್ ಪಡೆದರು. ದೇಶದ ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಕೊಟ್ಟದ್ದು ಇದೇ ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ಟೆಂಭ್ಲಿಯಲ್ಲಿ. ಹಳ್ಳಿಯ ಬಡವನ ಹತ್ತು ಬೆರಳು, ಎರಡು ಕಣ್ಣುಗಳನ್ನು ಓದುವ ಯಂತ್ರವನ್ನು ಮೂಲೆ ಮೂಲೆಗೂ ಒಯ್ಯಲು ಈ ದೇಶಕ್ಕೆ ಸಾಧ್ಯವಾಗಿದೆ ಎಂಬುದನ್ನು ಓದುಗರು ನೆನಪಿಡಬೇಕು.

ಕಳೆದ ಬೇಸಿಗೆಯಲ್ಲಿ, ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಖಾಲಿ ಮಾಡಿಸಲು ನಮ್ಮ ಕಟ್ಟಡಕ್ಕೆ ಕಾಂಟ್ರಾಕ್ಟರ್ ಇಬ್ಬರು ಹುಡುಗರನ್ನು ಕರೆತಂದ. ನಾಕಾದಲ್ಲಿ ಬೆಳಗ್ಗೆ ಕೂಲಿಗೆ ನಿಲ್ಲುವವರು. ಬೆನ್ನ ಹಿಂದಿನಿಂದ ಬಿಸಿಲು ಬಡಿಯುತ್ತಿದ್ದುದರಿಂದ ಗೇಟಿನ ಯಂತ್ರ ಚಿಕ್ಕವನ ಮುಖ ಒಪ್ಪಲಿಲ್ಲ. ಟೋಪಿ ತೆಗೆ, ಹತ್ತಿರ ಬಾ, ಹಿಂದೆ ಸರಿ ಎಂದು ವಾಚ್‌ಮನ್ ಅವನನ್ನು ಬಹಳ ಹೊತ್ತು ಅಲ್ಲೇ ನಿಲ್ಲಿಸಿಕೊಂಡ. ಆ ಹುಡುಗ ತನ್ನ ಜೊತೆಗಾರನಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ನಾನು ಮಾತಿಗೆಳೆದೆ. ಸುರಪುರದ ಕಡೆಯವನು. ಸಿಮೆಂಟ್ ಕಲಸಿ ಕಲಸಿ ಬೆರಳಿನ ಗೆರೆಗಳು ಸವೆದಿವೆ, "ಊರಲ್ಲಿ ರೇಷನ್ ಅಂಗಡಿಯ ಯಂತ್ರವೂ ನನ್ನನ್ನು ಒಪ್ಪುವುದಿಲ್ಲ ಕಾಕಾ" ಎಂದ. ಕೊನೆಗೆ ಒಳಗೆ ಬಿಟ್ಟ ಮೇಲೆ ಅವನ ಕೈಗೆ ಸಿಕ್ಕಿದ್ದು ಒಂದು ಹಗ್ಗ, ಒಂದು ಬಕೆಟ್. ಕಾಂಟ್ರಾಕ್ಟರ್ ಪೇಪರ್ ಹೊತ್ತಿಸಿ ಟ್ಯಾಂಕಿನೊಳಗೆ ಬಿಟ್ಟು, ಉರಿಯುತ್ತಿದೆ, ಇಳಿಯಬಹುದು ಎಂದ.

ಉರಿಯುವ ಪೇಪರ್ ಹೇಳುವುದು ಆಮ್ಲಜನಕದ ಸುದ್ದಿಯನ್ನು ಮಾತ್ರ, ಅದೂ ಒರಟಾಗಿ. ಹೈಡ್ರೋಜನ್ ಸಲ್ಫೈಡ್ ಬಗ್ಗೆ ಅದಕ್ಕೆ ಏನೂ ಗೊತ್ತಾಗದು. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದರೆ ಆ ಪೇಪರೇ ಸ್ಫೋಟಕ್ಕೆ ಕಿಡಿ. ಮೂಗನ್ನೂ ನಂಬುವಂತಿಲ್ಲ, ಕೊಳೆತ ಮೊಟ್ಟೆಯ ವಾಸನೆ ಬರುವ ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರು ಭಾಗ) ತಲುಪಿದಾಗ ವಾಸನೆ ಗ್ರಹಿಸುವ ಶಕ್ತಿಯನ್ನೇ ಮರಗಟ್ಟಿಸುತ್ತದೆ, ವಾಸನೆ ಹೋಯಿತು ಎಂದು ಮನುಷ್ಯ ಧೈರ್ಯದಿಂದ ಇನ್ನೊಂದು ಮೆಟ್ಟಿಲು ಇಳಿಯುತ್ತಾನೆ.

ನಾನು ಜಗಳವಾಡಿ ಕೆಲಸ ನಿಲ್ಲಿಸಿದೆ. ಸೆಕ್ರೆಟರಿಗೆ ಬೇಸರವಾಯಿತು. ಎರಡು ದಿನ ತಡವಾಗಿ ಹೀರುವ ಟ್ಯಾಂಕರ್ ಬಂದು, ಯಾರೂ ಇಳಿಯದೆಯೇ ಕೆಲಸ ಮುಗಿಯಿತು. ಮೊದಲೇ ಅದನ್ನು ತರಿಸಬಹುದಿತ್ತು.

ಇಳಿಯುವುದು ಅನಿವಾರ್ಯವೇ ಆದಾಗ ಮೀಟರ್ ಬಳಸುವ ಕ್ರಮವೂ ಗೊತ್ತಿರಬೇಕು. ಪಂಪ್ ಇರುವ ಮೀಟರಿನ ಕೊಳವೆಯನ್ನು ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆಯಾಗಿ ಇಳಿಬಿಟ್ಟು ಕಾಯಬೇಕು. ಮೀಥೇನ್ ಗಾಳಿಗಿಂತ ಹಗುರ, ಹೈಡ್ರೋಜನ್ ಸಲ್ಫೈಡ್ ಭಾರ. ಕೊಳವೆ ಉದ್ದವಿದ್ದಷ್ಟೂ ರೀಡಿಂಗ್ ಬರುವುದು ತಡ. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ಇದ್ದರೆ ಇಳಿಯುವ ಮಾತೇ ಇಲ್ಲ. ಎಲ್ಲ ಸರಿಯಿದೆ ಎಂದು ಮೀಟರನ್ನು ಮೇಲೇ ಇಟ್ಟು ಹೋದರೆ ಮತ್ತೆ ಆಪತ್ತು, ಏಕೆಂದರೆ ಕೆಸರನ್ನು ಕದಡಿದ ಕ್ಷಣ ಅದರಲ್ಲಿ ಹುದುಗಿದ ಅನಿಲ ಭುಗಿಲ್ಲನೆ ಮೇಲೇಳುತ್ತದೆ. ಮೀಟರ್ ಇಳಿದವನ ಎದೆಯ ಮೇಲೆಯೇ ಇರಬೇಕು. ಒಬ್ಬ ಬಿದ್ದನೆಂದು ಅವನನ್ನು ಎಳೆಯಲು ಬರಿಗೈಯಲ್ಲಿ ಇಳಿದವರೂ ಸಾಯುವ ಸುದ್ದಿಯನ್ನು ನಿಮ್ಮ ಪತ್ರಿಕೆಯ ಓದುಗರು ಎಷ್ಟು ಸಲ ಓದಿಲ್ಲ!

ಇದು ದಯೆ ತೋರಿಸಿ ಎಂಬ ಬೇಡಿಕೆಯಲ್ಲ. ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾನೂನು ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದರ ನಿಯಮಗಳಲ್ಲಿರುವ ಸಾಧನಗಳ ಪಟ್ಟಿಯಲ್ಲಿ ನಾಲ್ಕು ಅನಿಲಗಳ ಮಾನಿಟರ್ ಹೆಸರಿಸಿಯೇ ಇದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಹೇಳಿದೆ.

ಗೇಟಿನ ಯಂತ್ರವನ್ನು ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ. ಅದು ಆ ಹುಡುಗನ ಪರವಾಗಿಯೂ ಸಾಕ್ಷಿ ಹೇಳಲಿ. ಅನಾಹುತವಾದಾಗ ಇವನು ನಮ್ಮ ಕೆಲಸದವನಲ್ಲ ಎಂದು ಕಾಂಟ್ರಾಕ್ಟರ್ ಕೈತೊಳೆದುಕೊಳ್ಳದಂತೆ, ಯಾರು, ಎಷ್ಟು ಗಂಟೆಗೆ, ಯಾವ ರೀಡಿಂಗ್ ನೋಡಿ ಇಳಿದರು ಎಂಬುದು ಅದೇ ದಾಖಲೆಯಲ್ಲಿ ಸೇರಲಿ. ರೀಡಿಂಗ್ ಇಲ್ಲದೆ ಟ್ಯಾಂಕಿನ ಕೆಲಸಕ್ಕೆ ಹಾಜರಿಯೇ ಬೀಳಬಾರದು.

ಒಂದೊಂದು ಸೊಸೈಟಿಯೂ ಮೀಟರ್ ಕೊಳ್ಳಬೇಕಿಲ್ಲ. ಒಂದು ವಾರ್ಡಿನ ಸೊಸೈಟಿಗಳು ಸೇರಿ ಒಂದನ್ನು ಕೊಂಡು ಸರದಿಯಲ್ಲಿ ಬಳಸಬಹುದು. ಡೊಂಬಿವಲಿ, ಠಾಣೆ, ನವಿ ಮುಂಬೈಯ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಕೂಡಿಸುವ ವಂತಿಗೆಯ ಒಂದು ಪಾಲನ್ನು ಈ ವರ್ಷ ಇದಕ್ಕೆ ಎತ್ತಿಡಬೇಕೆಂದು ನನ್ನ ಕಳಕಳಿಯ ವಿನಂತಿ. ಇಳಿಯುತ್ತಿರುವವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ನಮ್ಮ ಮಕ್ಕಳೂ ಇದ್ದಾರೆ. ಮೀಟರ್ ಕೊಂಡ ಸಂಘಕ್ಕೆ ಅದರ ಕ್ಯಾಲಿಬ್ರೇಷನ್, ದಿನದ ಬಂಪ್ ಟೆಸ್ಟ್ (ಸ್ವಲ್ಪ ಅನಿಲ ಹಾಯಿಸಿ ಮೀಟರ್ ಎಚ್ಚರಿಕೆ ಕೊಡುತ್ತದೆಯೇ ಎಂದು ನೋಡುವುದು), ರೀಡಿಂಗ್ ಬರೆಯುವ ಕ್ರಮ ಎಲ್ಲವನ್ನೂ ನಾನೇ ಬಂದು ಕಲಿಸುತ್ತೇನೆ, ಕನ್ನಡದಲ್ಲಿ, ಮರಾಠಿಯಲ್ಲಿ, ಹಣ ಪಡೆಯದೆ. ನನ್ನ ವಿಳಾಸವನ್ನು ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ. ಕೇಳಿದವರಿಗೆ ದಯವಿಟ್ಟು ತಿಳಿಸಿ.

ಇತಿ,
ನಿವೃತ್ತ ಇನ್‌ಸ್ಟ್ರುಮೆಂಟ್ ತಂತ್ರಜ್ಞ,
ಡೊಂಬಿವಲಿ ಪೂರ್ವ