ಬೋಟ್ ಎಂಜಿನ್ ಆಗಾಗ ಮಿಸ್ ಹೊಡೆಯುತ್ತಿದ್ದರೆ

ನಮಸ್ಕಾರ. ನಾರಾಯಣಪುರ ಜಲಾಶಯದಲ್ಲಿ ಎರಡು ಸಿಲಿಂಡರಿನ ಬೋಟ್ ಓಡಿಸುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಎಂಜಿನ್ ಮಿಸ್ ಹೊಡೆದು (ನಡುನಡುವೆ ಮುಗ್ಗರಿಸಿ) ಆಮೇಲೆ ತಾನೇ ಸರಿಹೋಗುತ್ತಿದ್ದರೆ ಸುಮ್ನೆ ಕಾರ್ಬ್ಯುರೇಟರ್ ಬಿಚ್ಚಬೇಡಿ.

ಮಿಸ್ ಆಗುತ್ತಿರುವಾಗಲೇ ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಒತ್ತಿ. ಕೂಡಲೇ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ. ಫಿಲ್ಟರ್, ಪಂಪ್, ಟ್ಯಾಂಕಿನ ಗಾಳಿ ರಂಧ್ರ ನೋಡಿ. ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಯಲ್ಲಿ ಇಡಿ, ನೀರು ಸೇರಿದ್ದರೆ ತಳಕ್ಕೆ ಇಳಿಯುತ್ತದೆ.

ಬದಲಾಗಲಿಲ್ಲವಾ? ಎಂಜಿನ್ ನಿಲ್ಲಿಸಿ ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದು ಕಂದು, ಇನ್ನೊಂದು ಒದ್ದೆ ಒದ್ದೆಯಾಗಿ ಕಪ್ಪಾಗಿದ್ದರೆ ಆ ಒದ್ದೆ ಸಿಲಿಂಡರ್ ಮೇಲೆಯೇ ಅನುಮಾನ. ಪ್ಲಗ್‌ಗಳನ್ನು ಅದಲು ಬದಲು ಮಾಡಿ ಓಡಿಸಿ. ತೊಂದರೆಯೂ ಪ್ಲಗ್ ಜೊತೆ ಜಾಗ ಬದಲಿಸಿದರೆ ಪ್ಲಗ್ ಹೋಗಿದೆ. ಇಲ್ಲದಿದ್ದರೆ, ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಎರಡು ಕಾಯಿಲ್ ಬೇರೆ ಬೇರೆ ಇದ್ದರೆ ಅವುಗಳನ್ನೂ ಹೀಗೇ ಬದಲಿಸಿ ನೋಡಿ. ಹಾಳಾದ ಕಾಯಿಲ್ ತಣ್ಣಗಿದ್ದಾಗ ಚೆನ್ನಾಗಿ ಕಿಡಿ ಕೊಟ್ಟು, ಕಾದ ಮೇಲೆ ಕೈಕೊಡುತ್ತದೆ. ನಮ್ಮ ಯಾದಗಿರಿ ಬಿಸಿಲು ಬೇರೆ! ಅದಕ್ಕೇ ಎಂಜಿನ್ ಕಾದಾಗಲೇ ಪರೀಕ್ಷಿಸಿ.

ಓಡುವ ಎಂಜಿನಿನ ಪ್ಲಗ್ ವೈರ್ ಮಾತ್ರ ಕೀಳಬೇಡಿ. ಜೋರಾಗಿ ಶಾಕ್ ಹೊಡೆಯುತ್ತದೆ, ಕಿಡಿಯನ್ನು ನಿಯಂತ್ರಿಸುವ ಸಿಡಿಐ ಪೆಟ್ಟಿಗೆ ಕೂಡ ಸುಡಬಹುದು. ದಡದಲ್ಲಿ ನೀರಿಲ್ಲದೆ ಓಡಿಸಿದರೆ ಎಂಜಿನ್ ತಂಪಾಗಿಡಲು ನೀರೆಳೆಯುವ ರಬ್ಬರ್ ಚಕ್ರ (ಇಂಪೆಲ್ಲರ್) ಹಾಳಾಗುತ್ತದೆ.

ಸರಿಹೋಗುವ ತನಕ ದಡ ಬಿಟ್ಟು ದೂರ ಹೋಗಬೇಡಿ, ಹುಟ್ಟು ಜೊತೆಗಿರಲಿ. ಬಿಚ್ಚಿದ ಪ್ಲಗ್‌ಗಳ ಫೋಟೋ ಇಲ್ಲೇ ಹಾಕಿ, ಸೇರಿ ನೋಡೋಣ.